ಹನುಮಂತ ಹಾರಿದ್ದಾ, ನೆಗೆದಿದ್ದಾ?

ಮೂರನೇ ಕ್ಲಾಸಿಗೆ ವಿಂಗಡಣೆ ಹೇಳಿಕೊಡಲು ಇಷ್ಟು ವರ್ಷ ನಾನು ಬೀಜಗಳನ್ನೇ ನಂಬಿಕೊಂಡಿದ್ದೆ. ಹುಣಸೆ ಬೀಜ, ಹೊಂಗೆ ಬೀಜ, ಅವರೆಕಾಳು. ಮಕ್ಕಳು ಎರಡು ನಿಮಿಷದಲ್ಲಿ ಮುಗಿಸಿ, ನಾಲ್ಕು ಹುಣಸೆ ಬೀಜ ಜೇಬಿಗಿಳಿಸಿ, "ಮುಂದೇನು ಮಿಸ್?" ಅನ್ನುತ್ತಿದ್ದರು. ನೋಡಿದ ತಕ್ಷಣ ಗೊತ್ತಾಗುವುದನ್ನು ಬೇರೆ ಮಾಡಲು ಯೋಚನೆ ಯಾಕೆ ಬೇಕು, ಅಲ್ವಾ?

ಈ ಸಲ ಹಳೇ ಲಗ್ನಪತ್ರಿಕೆಗಳನ್ನು ಕತ್ತರಿಸಿ, ಹಿಂದೆ ಹೆಸರು ಬರೆದೆ. ನಮ್ಮದು ಗುಬ್ಬಿ ತಾಲ್ಲೂಕು, ಹಾಗಾಗಿ ಮೊದಲ ಕಾರ್ಡು ಗುಬ್ಬಿಯದೇ. ಆಮೇಲೆ ಗರುಡ, ಸಂಪಾತಿ, ಹನುಮಂತ, ಪುಷ್ಪಕ ವಿಮಾನ, ಮೈನಾಕ ಪರ್ವತ, ಬಾವಲಿ, ಕೋಳಿ. ಸುಮ್ನೆ ತಮಾಷೆಗೆ ಕಪ್ಪೆ. ಮೇಣದ ರೆಕ್ಕೆ ಕಟ್ಟಿಕೊಂಡು ಸೂರ್ಯನ ಹತ್ತಿರ ಹೋಗಿ ಬಿದ್ದ ಗ್ರೀಕರ ಇಕಾರಸ್‌ನ ಕಥೆ ಹಿಂದಿನ ದಿನ ಹೇಳಿದ್ದೆ, ಅವನಿಗೂ ಒಂದು. ನೆಲದ ಮೇಲೆ ಒಂದಕ್ಕೊಂದು ಸ್ವಲ್ಪ ಸೇರಿದ ಹಾಗೆ ಸೀಮೆಸುಣ್ಣದಲ್ಲಿ ಎರಡು ಸುತ್ತು ಹಾಕಿದೆ: 'ರೆಕ್ಕೆ ಇದೆ', 'ಹಾರುತ್ತೆ'.

ಗರುಡ, ಗುಬ್ಬಿ, ಬಾವಲಿ ಸರಾಗವಾಗಿ ಮಧ್ಯಕ್ಕೆ ಹೋದವು. ಜಗಳ ಶುರುವಾಗಿದ್ದು ಕೋಳಿಯಿಂದ. "ನಮ್ಮ ನಾಟಿ ಕೋಳಿ ಮರ ಹತ್ತಿ ಕೂರುತ್ತೆ, ಫಾರಂ ಕೋಳಿ ಹಾರಲ್ಲ." ಸರಿ, ಕೋಳಿ ಎರಡು ಕಾರ್ಡಾಯಿತು. ಫಾರಂ ಕೋಳಿಯ ಪಕ್ಕಕ್ಕೆ ಯಾರು ಬಂದರು ಗೊತ್ತಾ? ಮೈನಾಕ! ಬೆಟ್ಟಗಳ ರೆಕ್ಕೆಯನ್ನೆಲ್ಲ ಇಂದ್ರ ಕತ್ತರಿಸಿದಾಗ ವಾಯುದೇವ ಇವನನ್ನು ಸಮುದ್ರಕ್ಕೆ ತಳ್ಳಿ ಉಳಿಸಿದನಲ್ಲ. ರೆಕ್ಕೆ ಇದೆ, ಹಾರುವ ಹಾಗಿಲ್ಲ. ಸಂಪಾತಿಯ ರೆಕ್ಕೆ ಸುಟ್ಟುಹೋಗಿ ಕೊನೆಗೆ ಮತ್ತೆ ಬೆಳೆಯುತ್ತೆ, ಹಾಗಾಗಿ ಅವನ ಕಾರ್ಡನ್ನು ಕಥೆ ಹೇಳುತ್ತಾ ಜರುಗಿಸಬೇಕಾಯಿತು.

ಹನುಮಂತನನ್ನು ಒಬ್ಬಳು 'ಹಾರುತ್ತೆ' ಸುತ್ತಿಗೆ ಇಟ್ಟಳು. ಹಿಂದಿನ ಸಾಲಿನ ಹುಡುಗ ಎದ್ದು ಬಂದು ಅದನ್ನು ಎತ್ತಿ, ಸುತ್ತಿನ ಹೊರಗೆ ಕಪ್ಪೆಯ ಪಕ್ಕ ಹಾಕಿದ. "ಹಾರಲಿಲ್ಲ ಮಿಸ್, ನೆಗೆದ."

ತಪ್ಪು ನನ್ನದೇ. ನಮ್ಮ ಮಾತಿನಲ್ಲಿ ಹಕ್ಕಿಯೂ ಹಾರುತ್ತೆ, ಕಳ್ಳನೂ ಗೋಡೆ ಹಾರುತ್ತಾನೆ. ಎರಡಕ್ಕೂ ಒಂದೇ ಪದ ಇಟ್ಟುಕೊಂಡು ಬೇರೆ ಮಾಡಿ ಅಂದರೆ ಮಕ್ಕಳು ಏನು ಮಾಡಬೇಕು? "ಎರಡೂ ಸರಿ ಕಣೋ" ಅಂದೆ. ಹಾರಿಕೆ ಉತ್ತರ ಅಂತ ಅವನ ಮುಖವೇ ಹೇಳಿತು. ಮಹೇಂದ್ರ ಪರ್ವತದ ಮೇಲೆ ಕಾಲೂರಿ, ಮೈ ಕುಗ್ಗಿಸಿ ಚಿಮ್ಮಿದ ಅಂತ ಕಥೆ ಹೇಳಿದವಳೂ ನಾನೇ.

ಹಾಗಾದರೆ ನೆಗೆತಕ್ಕೂ ಹಾರಾಟಕ್ಕೂ ವ್ಯತ್ಯಾಸ ಏನು ಅಂತ ಕೇಳಿದೆ. ಹುಡುಗರು ಜಗಲಿಯಿಂದ ಅಂಗಳಕ್ಕೆ ನೆಗೆದು ನೋಡಿದರು, ಒಬ್ಬನ ಮಂಡಿ ತರಚಿತು. ಅವನೇ ಹೇಳಿದ: "ನೆಗೆದ ಮೇಲೆ ಮಧ್ಯದಲ್ಲಿ ನಿಲ್ಲಕ್ಕಾಗಲ್ಲ." ಕಾರ್ಡು ಇಟ್ಟಿದ್ದ ಹುಡುಗಿ ತಕ್ಷಣ ಹಿಡಿದುಕೊಂಡಳು. ಸಮುದ್ರದ ಮೇಲೆ ಸುರಸೆ ಅಡ್ಡ ಬಂದಾಗ ಹನುಮಂತ ನಿಂತ, ದೊಡ್ಡವನಾದ, ಚಿಕ್ಕವನಾದ, ಅವಳ ಬಾಯೊಳಗೆ ಹೋಗಿ ಹೊರಗೆ ಬಂದ, ಆಮೇಲೆ ಮುಂದೆ ಹೋದ. "ಕಪ್ಪೆ ಹಂಗೆ ಮಾಡುತ್ತಾ ಮಿಸ್?"

ಹಿಂದಿನ ಸಾಲಿನವನು ಸ್ವಲ್ಪ ಹೊತ್ತು ಯೋಚಿಸಿ, ಕಾರ್ಡನ್ನು ತಾನೇ ವಾಪಸ್ ಇಟ್ಟ. ಪೂರ್ತಿ ಒಳಗಲ್ಲ, ಗೆರೆ ಮೇಲೆ.

ಪುಷ್ಪಕಕ್ಕೂ ಇಕಾರಸ್‌ಗೂ ಮಕ್ಕಳೇ ಮೂರನೇ ಸುತ್ತು ಹಾಕಿ 'ಸ್ವಂತದ್ದಲ್ಲ' ಅಂತ ಹೆಸರಿಟ್ಟರು. ಒಂದು ಕುಬೇರನಿಂದ ರಾವಣ ಕಿತ್ತುಕೊಂಡಿದ್ದು, ಇನ್ನೊಂದು ಅಪ್ಪ ಮಾಡಿಕೊಟ್ಟಿದ್ದು. ನನಗಂತೂ ಇದು ಹೊಳೆಯುತ್ತಿರಲಿಲ್ಲ.

ಕೊನೆಗೆ ಒಬ್ಬ, "ಹೆಲಿಕಾಪ್ಟರ್ ಯಾಕಿಲ್ಲ ಮಿಸ್?" ಅಂದ. ನ್ಯಾಯವೇ. 2023ರ ಫೆಬ್ರವರಿಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಗಿದ್ದು ನಮ್ಮ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲೇ. ಕಾರ್ಡು ಬರೆದೆ. "ಅದಕ್ಕೆ ರೆಕ್ಕೆ ಇಲ್ಲ, ಫ್ಯಾನ್ ಇರೋದು" ಅಂತ ಒಬ್ಬ. "ಫ್ಯಾನಿಗೂ ರೆಕ್ಕೆ ಅಂತಾರಲ್ಲ" ಅಂತ ಇನ್ನೊಬ್ಬಳು. ಎಲ್ಲರೂ ತಲೆಯೆತ್ತಿ ಕ್ಲಾಸಿನ ಫ್ಯಾನ್ ನೋಡಿದರು. ಅಷ್ಟರಲ್ಲಿ ಊಟದ ಬೆಲ್ ಆಯಿತು. ಆ ಕಾರ್ಡು ಇನ್ನೂ ನನ್ನ ಮೇಜಿನ ಮೇಲೇ ಇದೆ.