ಮದ್ದಿನ ಡ್ರಮ್ಮು, ಕವಳದ ಹೊತ್ತು

ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ತೋಟಗಳಲ್ಲಿ ಮೇ ಕೊನೆಯಿಂದ ಮದ್ದಿನ ತಂಡಗಳ ಓಡಾಟ ಶುರು. ಮದ್ದೆಂದರೆ ಅಡಿಕೆಯ ಕೊಳೆ ರೋಗ ತಡೆಯಲು ಹೊಡೆಯುವ ಬೋರ್ಡೋ ದ್ರಾವಣ. ತಂಡವೆಂದರೆ ಮೂರ್ನಾಲ್ಕು ಜನ: ಮರ ಹತ್ತುವ ಕೊನೆಗೌಡ ಅಥವಾ ನೆಲದ ಮೇಲೆ ನಿಂತು ದೋಟಿ (ಮದ್ದು ಹೊಡೆಯುವ ಉದ್ದನೆಯ ಕೋಲು) ಹಿಡಿಯುವವ, ಪೈಪು ಎಳೆಯುವವ, ಪಂಪು ನೋಡುವವ, ಡ್ರಮ್ಮಿನಲ್ಲಿ ಮದ್ದು ಕದಡುವವ. ಅಳತೆ ಎಲ್ಲರಿಗೂ ಬಾಯಿಪಾಠ. 100 ಲೀಟರ್ ನೀರಿಗೆ ಒಂದು ಕಿಲೋ ತುತ್ತ (ಕಾಪರ್ ಸಲ್ಫೇಟ್), ಒಂದು ಕಿಲೋ ಸುಣ್ಣ. ಆದರೂ ಒಂದೇ ಅಂಗಡಿಯ ತುತ್ತ ಹೊಡೆದ ಎರಡು ತೋಟಗಳಲ್ಲಿ ಒಂದರ ಕೊನೆ, ಅಂದರೆ ಅಡಿಕೆಯ ಗೊನೆ, ಉಳಿಯುತ್ತದೆ, ಇನ್ನೊಂದರಲ್ಲಿ ಶ್ರಾವಣ ಬರುವಷ್ಟರಲ್ಲಿ ಬುಡದ ತುಂಬ ಕೊಳೆತ ಹಸಿರಡಿಕೆ. ಮಳೆ, ಬಸಿಗಾಲುವೆ, ನೆರಳು ಇವಕ್ಕೆಲ್ಲ ಪಾಲಿದೆ, ಒಪ್ಪೋಣ. ಆದರೆ ಅಳತೆಯ ಹಿಂದಿನ ಕಾರಣ ತಂಡದ ಎಷ್ಟು ಜನರಿಗೆ ಗೊತ್ತು ಎಂಬುದಕ್ಕೂ ದೊಡ್ಡ ಪಾಲಿದೆ. ಅಳತೆಯನ್ನು ಯಾರು ಬೇಕಾದರೂ ಹೇಳಿಯಾರು. ಕಾರಣ ಬಾಯಿಬಿಡುವುದು ಸಲುಗೆ ಇದ್ದಲ್ಲಿ ಮಾತ್ರ.

ಡ್ರಮ್ಮಿನಿಂದಲೇ ನೋಡೋಣ. ಹೊಸ ಹುಡುಗನನ್ನು ಅಲ್ಲಿ ನಿಲ್ಲಿಸಿ "ಕದಡು" ಎಂದು ಹೇಳಿ ಹೋಗುವುದು ವಾಡಿಕೆ. ಅವನಿಗೆ ತಿಳಿಯಬೇಕಾದ್ದು ಇಷ್ಟಿದೆ. ತುತ್ತವನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ನೀರಿನ ಮೇಲ್ಭಾಗದಲ್ಲೇ ಮುಳುಗುವ ಹಾಗೆ ರಾತ್ರಿಯೇ ತೂಗುಬಿಡಬೇಕು. ಕರಗಿದ ತುತ್ತದ ನೀರು ಭಾರ, ಅದು ಕೆಳಗಿಳಿದಂತೆ ತಿಳಿನೀರು ಗಂಟಿನ ಸುತ್ತ ಬರುತ್ತದೆ. ತಳಕ್ಕೆ ಸುರಿದರೆ ಗಟ್ಟಿ ಪಾಕದೊಳಗೆ ಕೂತು ಬೆಳಗಿನವರೆಗೂ ಕರಗದೆ ಉಳಿಯುತ್ತದೆ. ಪಾತ್ರೆ ಪ್ಲಾಸ್ಟಿಕ್ಕಿನದೋ ಮಣ್ಣಿನದೋ ಇರಲಿ. ಕಬ್ಬಿಣದ ಬಕೆಟ್ಟಿಗೆ ಹಾಕಿದರೆ ತಾಮ್ರ ಬಕೆಟ್ಟಿಗೇ ಅಂಟುತ್ತದೆ, ಅಡಿಕೆಗೆ ಹೋಗುವುದು ಮಿಕ್ಕಿದ್ದು. ಸುಣ್ಣ ಅರಳಿದ ಬಿಸಿಯಲ್ಲೇ ಬೆರೆಸಿದರೆ ಕಣ ದಪ್ಪವಾಗುತ್ತದೆ, ತಳ ಹಿಡಿಯುತ್ತದೆ, ಎಲೆಗೆ ಕಚ್ಚುವುದಿಲ್ಲ. ಆದ್ದರಿಂದ ಆರಿಸಿ, ಬಟ್ಟೆಯಲ್ಲಿ ಸೋಸಿ, 50 ಲೀಟರ್ ಸುಣ್ಣದ ನೀರಿಗೆ 50 ಲೀಟರ್ ತುತ್ತದ ನೀರನ್ನು ಸಣ್ಣ ಧಾರೆಯಾಗಿ ಬಿಡುತ್ತ ಕದಡಬೇಕು. ಇಲ್ಲವೆಂದರೆ ಎರಡನ್ನೂ ಏಕಕಾಲಕ್ಕೆ ಮೂರನೇ ಪಾತ್ರೆಗೆ ಬಿಡಬೇಕು. ಸುಣ್ಣವನ್ನು ತುತ್ತಕ್ಕೆ ಸುರಿದರೂ ಬಣ್ಣ ನೀಲಿಯೇ ಬರುತ್ತದೆ, ಅದಕ್ಕೇ ಈ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ.

ಸುಣ್ಣದ ವಿಷಯ ಇನ್ನೂ ಸೂಕ್ಷ್ಮ. ಹೊಸದಾಗಿ ಸುಟ್ಟ ಒಳ್ಳೆಯ ಸುಣ್ಣವಾದರೆ ಒಂದು ಕಿಲೋ ತುತ್ತದ ಹುಳಿ ಮುರಿಯಲು ಅರ್ಧ ಕಿಲೋ ಕೂಡ ಬೇಡ. ಒಂದಕ್ಕೆ ಒಂದು ಎಂದು ಹಾಕುವುದು ಸುಣ್ಣವನ್ನು ನಂಬಲಾಗದ ಕಾರಣಕ್ಕೆ. ಚಿಪ್ಪಿ ಸುಣ್ಣವೇ ಇರಲಿ, ಕಲ್ಲು ಸುಣ್ಣವೇ ಇರಲಿ, ಚೀಲದ ಬಾಯಿ ತೆರೆದಿಟ್ಟು ತಿಂಗಳುಗಟ್ಟಲೆ ಗಾಳಿ ಕುಡಿದರೆ ಅದು ಸೀಮೆಸುಣ್ಣದ ಪುಡಿಗೆ ಸಮ. ಬಿಳಿಯಾಗಿರುತ್ತದೆ, ತೂಕವೂ ಇರುತ್ತದೆ, ಕೆಲಸ ಮಾಡುವುದಿಲ್ಲ. ಮುರಿಯದೆ ಉಳಿದ ತುತ್ತ ಎಳೆ ಕಾಯಿಯನ್ನೂ ಹಿಂಗಾರವನ್ನೂ ಸುಡುತ್ತದೆ. ಆಗ ಎಲ್ಲರೂ "ಮದ್ದು ಖಾರ ಆಯ್ತು" ಎಂದು ತುತ್ತವನ್ನು ಕಡಿಮೆ ಮಾಡುತ್ತಾರೆ. ಕಡಿಮೆ ಮಾಡಿದ ತುತ್ತ ಕೊಳೆಯನ್ನು ತಡೆಯುವುದಿಲ್ಲ. ಒಂದು ಹಳೆಯ ಸುಣ್ಣದ ಚೀಲದಿಂದ ಹುಟ್ಟಿದ ತಪ್ಪು ಲೆಕ್ಕ ಹೀಗೆ ಆ ಮನೆಯ ಪದ್ಧತಿಯಾಗಿ ವರ್ಷಗಟ್ಟಲೆ ಉಳಿಯುವುದುಂಟು.

ಇದನ್ನು ಬಾಯಲ್ಲಿ ವಿವರಿಸುವುದಕ್ಕಿಂತ ತೋರಿಸುವುದು ಸುಲಭ. ಎರಡು ಪ್ಲಾಸ್ಟಿಕ್ ಮಗ್ ತೆಗೆದುಕೊಳ್ಳಿ. ಎರಡರಲ್ಲೂ ಒಂದು ಲೀಟರ್ ಮದ್ದಿಗೆ 10 ಗ್ರಾಂ ತುತ್ತ. ಮೊದಲನೆಯದಕ್ಕೆ 10 ಗ್ರಾಂ ಒಳ್ಳೆಯ ಸುಣ್ಣ, ಎರಡನೆಯದಕ್ಕೆ ಒಂದೇ ಚಿಟಿಕೆ. ತಿಕ್ಕಿ ಹೊಳಪು ಮಾಡಿದ ಕತ್ತಿಯ ಅಲಗನ್ನು ಎರಡರಲ್ಲೂ ಒಂದೊಂದು ನಿಮಿಷ ಅದ್ದಿಸಿ. ಎರಡನೆಯದರಲ್ಲಿ ಅಲಗಿನ ಮೇಲೆ ಕೆಂಪು ತಾಮ್ರ ಕೂರುತ್ತದೆ. ಹುಡುಗನ ಕೈಯಲ್ಲೇ ಸುಣ್ಣದ ನೀರು ಸೇರಿಸುತ್ತ ಹೋಗಿ, ಅಲಗು ಬೆಳ್ಳಗೆ ಉಳಿಯುವ ಹಂತ ಅವನೇ ಕಂಡುಕೊಳ್ಳಲಿ. ಹತ್ತು ನಿಮಿಷದ ಕೆಲಸ. ಆಮೇಲೆ ಪ್ರತಿ ಡ್ರಮ್ಮಿಗೂ ಕತ್ತಿ ಅದ್ದಲು ಯಾರೂ ಹೇಳಬೇಕಿಲ್ಲ. ಅದ್ದಿದ ಕತ್ತಿಯಲ್ಲಿ ವೀಳ್ಯದೆಲೆಯ ತೊಟ್ಟು ಮುರಿಯುವವರಿದ್ದಾರೆ, ದಯವಿಟ್ಟು ಬೇಡ.

ಡ್ರಮ್ಮಿನ ಇನ್ನೊಂದು ಕಳ್ಳತಪ್ಪು ನೀರು ತುಂಬಿಸುವುದರಲ್ಲಿ. 200 ಲೀಟರಿನ ಡ್ರಮ್ಮಿನಲ್ಲಿ 60 ಲೀಟರ್ ಮದ್ದು ಉಳಿದಿರುವಾಗ ಮತ್ತೆ ಕಂಠಮಟ್ಟ ಮಾಡಿದರೆ ಹೊಸದಾಗಿ ಬೇಕಾದದ್ದು 140 ಲೀಟರ್, ಅಂದರೆ ತಲಾ 1.4 ಕಿಲೋ. ಅವಸರದಲ್ಲಿ ಒಂದೇ ಪ್ಯಾಕೆಟ್ ಒಡೆದು ಮುಗಿಸುತ್ತಾರೆ. ಡ್ರಮ್ಮಿನ ಹೊರಮೈಗೆ ಪೇಂಟಿನಲ್ಲಿ 50, 100, 150, 200ರ ಗೆರೆ ಎಳೆದು, ಪ್ರತಿ ಗೆರೆಯ ಪಕ್ಕ ಕಿಲೋ ಬರೆದಿಟ್ಟರೆ ಆಯಿತು. ಕೇಳಲು ಸಂಕೋಚಪಡುವವನಿಗೆ ಡ್ರಮ್ಮೇ ಹೇಳುತ್ತದೆ. ಬೆರೆಸಿದ ಮದ್ದು ಅದೇ ದಿನ ಮುಗಿಯಬೇಕು. ಮರುದಿನಕ್ಕೆ ಕಣ ದಪ್ಪವಾಗಿ ಕಚ್ಚುವ ಗುಣ ಹೋಗಿರುತ್ತದೆ.

ಮೇಲಿನವನಿಗೂ ಕೆಳಗಿನವನಿಗೂ ನಡುವಿನ ಮಾತು ಬೇರೆಯೇ ಅಧ್ಯಾಯ. ಬೋರ್ಡೋ ದ್ರಾವಣ ಬಂದ ಕೊಳೆಯನ್ನು ವಾಸಿ ಮಾಡದು. ಕೊಳೆಯ ಬೀಜಾಣು ಕಾಯಿಯ ಮೇಲಿನ ನೀರಿನ ಪೊರೆಯಲ್ಲಿ ಈಜಿ ಬರುವ ಮೊದಲೇ ಅಲ್ಲಿ ತಾಮ್ರದ ಲೇಪ ಕೂತಿರಬೇಕು. ಕೊಳೆ ಹೆಚ್ಚಾಗಿ ಹಿಡಿಯುವುದು ತೊಟ್ಟಿನ ಕಡೆಯಿಂದ. ದೋಟಿ ಹಿಡಿದವನಿಗೆ ಕೊನೆಯ ಹೊಟ್ಟೆ ಕಾಣುತ್ತದೆ, ಬೆನ್ನು ಕಾಣುವುದಿಲ್ಲ. ಆ ಬೆನ್ನನ್ನು ಕಣ್ಣಾರೆ ಕಂಡವನು ಕೊನೆಗೌಡ. ಆದರೆ ದೋಟಿ ಬಂದಮೇಲೆ ತನ್ನ ಕೆಲಸಕ್ಕೆ ಸಂಚಕಾರ ಬಂತೆಂದು ಅವನಿಗೆ ಒಳಗೊಳಗೇ ಮುನಿಸು, ಹುಡುಗರಿಗೆ ಕೇಳಲು ಬಿಗುಮಾನ. ಮುನಿಸಿಗೆ ಈಗ ಅರ್ಥವಿಲ್ಲ. ಹತ್ತುವವರೇ ಸಿಗದ ಕಾಲ, ಸಿಕ್ಕವರಿಗೆ ಬಿಡುವಿಲ್ಲ. ಮೊದಲ ದಿನ ನಾಲ್ಕೈದು ಮರಕ್ಕೆ ದೋಟಿಯಲ್ಲಿ ಹೊಡೆದು, ಗೌಡರನ್ನು ಅದೇ ಮರಗಳಿಗೆ ಹತ್ತಿಸಿ ನೋಡಿಸಬೇಕು. "ತಮಾ, ಹಾಳೆ ಬದಿ ಅರ್ಧ ಕೊನೆ ಒಣಗೇ ಇದ್ದು, ಆಚೆ ಬದಿಯಿಂದ ಒಂದು ಸುತ್ತು ಬಾ" ಎಂಬ ಒಂದು ಮಾತು ಇಡೀ ತೋಟಕ್ಕೆ ಸಾಕು. ದೋಟಿಯವರೂ ಒಂದನ್ನು ತಿರುಗಿಸಿ ಹೇಳಬೇಕು: ಕಾರ್ಬನ್ ಫೈಬರಿನ ದೋಟಿಯಲ್ಲಿ ವಿದ್ಯುತ್ ಹರಿಯುತ್ತದೆ. ತಂತಿಯ ಹತ್ತಿರದ ಸಾಲುಗಳಿಗೆ ಲೈನ್ ಬಂದ್ ಮಾಡಿಸಿಯೇ ಕೈ ಹಾಕಬೇಕು. ಹಗುರ ಎಂಬ ಕಾರಣಕ್ಕೆ ಅದನ್ನು ಬಿದಿರಿನಂತೆ ತಿಳಿಯುವವರೇ ಹೆಚ್ಚು.

ಇಂಥ ಮಾತುಗಳು ಕೆಲಸದ ನಡುವೆ ಬರುವುದಿಲ್ಲ. ಪಂಪಿನ ಸದ್ದಿನಲ್ಲಿ ಕೂ ಹಾಕಿ ಪೈಪು ಬಿಡಿಸಿಕೊಳ್ಳುವಷ್ಟೇ ಆದೀತು. ಬರುವುದು ಹತ್ತೂವರೆಯ ಆಸರಿಯ (ಚಹಾ ಬಿಡುವಿನ) ಹೊತ್ತಿಗೆ, ಸೋಪು ಹಾಕಿ ಕೈ ತೊಳೆದು ಕವಳದ (ಎಲೆಅಡಿಕೆಯ) ಸಂಚಿ ಬಿಚ್ಚಿದಾಗ. ಆ ಹದಿನೈದು ನಿಮಿಷವನ್ನು ಒಡೇರು ಗಡಿಯಾರ ನೋಡಿ ಮೊಟಕು ಮಾಡಿದರೆ ಅವರಿಗೇ ನಷ್ಟ. ಅಲ್ಲಿ ಯಾರನ್ನೂ ಎಲ್ಲರೆದುರು ತಪ್ಪು ಹಿಡಿಯಬಾರದು. ಸುಣ್ಣ ಮರೆತವನ ಹೆಸರು ಹಾಸ್ಯವಾಗಿ ಊರು ಸುತ್ತಿದರೆ ಮುಂದಿನ ಸಲ ಅವನು ಮರೆತಿದ್ದನ್ನು ಹೇಳುವುದೇ ಇಲ್ಲ. ಹೇಳದ ಡ್ರಮ್ಮು ನೇರ ಕೊನೆಗೆ ಹೋಗುತ್ತದೆ. ಡ್ರಮ್ಮಿನ ಲೆಕ್ಕದಲ್ಲಿ ಕೂಲಿ ಇದ್ದರೆ ಕಲಿಸುವುದಕ್ಕೂ ಖರ್ಚಿದೆ. ಹೊಸಬ ಬಂದ ಮೊದಲ ವಾರ ದಿನಕ್ಕೊಂದು ಡ್ರಮ್ಮನ್ನು ಕಲಿಕೆಗೆಂದು ಬಿಟ್ಟು, ಅದರ ಕೂಲಿಯನ್ನು ಸಮಪಾಲು ಮಾಡಿಕೊಂಡರೆ ಹಳಬರ ಗೊಣಗಾಟ ಇರದು.

ತಂಡಗಳ ನಡುವಿನ ಗೆಳೆತನಕ್ಕೂ ಬೆಲೆಯಿದೆ. ಮದ್ದು ಒಣಗುವ ಮೊದಲು ಮಳೆ ಬಿದ್ದರೆ ಶ್ರಮವೆಲ್ಲ ನೀರುಪಾಲು. ಮುಂಗಾರಿನ ಮೋಡ ಸಾಮಾನ್ಯವಾಗಿ ಪಡುವಲಿಂದ ಘಟ್ಟ ಹತ್ತಿ ಬರುವುದರಿಂದ, ಕುಮಟೆ ಕಡೆಯಲ್ಲೋ ದೇವಿಮನೆ ಘಟ್ಟದ ಬದಿಯಲ್ಲೋ ಕೆಲಸಕ್ಕಿರುವ ಗೆಳೆಯ ಫೋನಿನಲ್ಲಿ "ಇಲ್ಲಿ ಹನಿ ಬಿತ್ತು" ಎಂದರೆ ಹೊಸ ಡ್ರಮ್ಮು ಬೆರೆಸದೆ ನಿಲ್ಲಬಹುದು. ಮದ್ದು ಕಾಯಿಗೆ ಅಂಟಲು ಬೆರೆಸುವ ರಾಳದ ಸೋಪು ಯಾರಲ್ಲಿದೆ, ಯಾವ ಅಂಗಡಿಗೆ ಹೊಸ ಸುಣ್ಣ ಬಂತು, ಇವೂ ಅದೇ ದಾರಿಯಲ್ಲಿ ಬರುವ ಸುದ್ದಿಗಳು.

ಎರಡನೇ ಸುತ್ತು ಬರುವುದು 40ರಿಂದ 45 ದಿನಕ್ಕೆ. ಅಷ್ಟರಲ್ಲಿ ಯಾವ ಸಾಲು ಎಂದು ಮುಗಿಯಿತು, ಯಾವ ಸಾಲಿಗೆ ಹೊಡೆದು ಗಂಟೆಯೊಳಗೆ ಮಳೆ ಬಂತು ಎಂಬುದು ಯಾರ ನೆನಪಿನಲ್ಲೂ ಇರುವುದಿಲ್ಲ. ಪಂಪಿನ ಪೆಟ್ಟಿಗೆಯಲ್ಲಿ ಒಂದು ಪುಸ್ತಕ ಇರಲಿ: ತಾರೀಖು, ಸಾಲು, ಡ್ರಮ್ಮು, ಮಳೆ. ಮಳೆ ಸಿಕ್ಕಿದ ಸಾಲಿನಿಂದಲೇ ಎರಡನೇ ಸುತ್ತು ಶುರುವಾಗಲಿ. ಬರೆಯುವ ಕೆಲಸ ಎಲ್ಲರಿಗಿಂತ ಕಿರಿಯನಿಗೆ, ಪಂಪು ತೊಳೆಯುವುದು ಹಿರಿಯನಿಗೆ. ಇದು ತಲೆಕೆಳಗು ಎನಿಸಬಹುದು, ಆದರೆ ಸಂಜೆ ನಾಝಲ್ ಬಿಚ್ಚಿ ತೊಳೆಯುವಾಗ ಅದರ ತೂತು ಸವೆದು ಅಗಲವಾದದ್ದು ಪಳಗಿದ ಕಣ್ಣಿಗೇ ಮೊದಲು ಕಾಣುವುದು. ಸವೆದ ನಾಝಲ್ ಮಂಜಿನಂತೆ ಹರಡದೆ ಹನಿಯಾಗಿ ಸುರಿಯುತ್ತದೆ, ಅರ್ಧ ಮದ್ದು ನೆಲಕ್ಕೆ. ಕಿರಿಯನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊಸದನ್ನೂ ಹಳೆಯದನ್ನೂ ಬೆಳಕಿಗೆ ಹಿಡಿದು ತೋರಿಸಿ, ಹಳೆಯದನ್ನು ಅಲ್ಲೇ ಎಸೆದುಬಿಡಿ. ಪೆಟ್ಟಿಗೆಯಲ್ಲಿ ಇಟ್ಟರೆ ಬೆಳಿಗ್ಗೆ ಯಾರಾದರೂ ಅದನ್ನೇ ಹಾಕುತ್ತಾರೆ.