ಎಕೋ ಮಷಿನ್‌ನಿಂದ ಇಎಂಆರ್‌ಗೆ ಒಂದು ವೈರ್ ಎಳೆದರೆ ಸಾಕಲ್ವಾ?

ಮಂಗಳೂರು, ಉಡುಪಿ ಕಡೆಯ ಆಸ್ಪತ್ರೆಗಳಲ್ಲಿ ಸಾಫ್ಟ್‌ವೇರ್‌ಗಳನ್ನು ಒಂದಕ್ಕೊಂದು ಜೋಡಿಸುವುದು ನನ್ನ ಕೆಲಸ. ಹೃದಯದ ಸ್ಕ್ಯಾನ್ ಮಾಡುವ ಎಕೋ ಮಷಿನ್, ರೋಗಿಗಳ ದಾಖಲೆ ಇಡುವ ಇಎಂಆರ್ ಸಾಫ್ಟ್‌ವೇರ್, ಇಂಥವು. ಹಾಗಾಗಿ ಮದುವೆ ಊಟದ ಪಂಕ್ತಿಯಲ್ಲೂ ಈ ಪ್ರಶ್ನೆ ತಪ್ಪಿದ್ದಲ್ಲ: "ಎಕೋ ರೂಮಿನಲ್ಲೂ ಕಂಪ್ಯೂಟರ್, ಡಾಕ್ಟರ ಮೇಜಿನ ಮೇಲೂ ಕಂಪ್ಯೂಟರ್. ಮತ್ತೆ ಫೈಲು ಹಿಡ್ಕೊಂಡು ನಾವ್ಯಾಕೆ ಓಡಾಡಬೇಕು? ಸಿಸ್ಟರ್ ಯಾಕೆ ರಿಪೋರ್ಟ್ ನೋಡಿ ನೋಡಿ ಟೈಪ್ ಮಾಡಬೇಕು?"

ನೋಡಿ, ವೈರ್ ಎಳೆಯುವುದು ನಿಜಕ್ಕೂ ಸುಲಭ. ಆಸ್ಪತ್ರೆಯ ಸಾಫ್ಟ್‌ವೇರ್‌ಗಳು ಸಂದೇಶ ಕಳುಹಿಸಿಕೊಳ್ಳಲು ಎಚ್‌ಎಲ್7 ಎಂಬ ಪದ್ಧತಿ ಇದೆ. ಅದನ್ನು ರೂಪಿಸುವ ಸಂಸ್ಥೆ ಶುರುವಾಗಿದ್ದೇ 1987ರಲ್ಲಿ. ಸ್ಕ್ಯಾನ್ ಚಿತ್ರಗಳಿಗೆ ಡೈಕಾಮ್ ಇದೆ, ಅದೂ 1993ರಿಂದ. ನಾವು ತಿಂಗಳುಗಟ್ಟಲೆ ಒದ್ದಾಡುವುದು ಎರಡೇ ವಿಷಯಕ್ಕೆ: ಬಂದ ಸಂಖ್ಯೆ ಯಾರದ್ದು, ಮತ್ತು ಅದು ಏನನ್ನು ಹೇಳುತ್ತಿದೆ.

ಯಾರದ್ದು ಎಂಬುದನ್ನು ಮೊದಲು ನೋಡೋಣ. ಎಚ್‌ಎಲ್7 ಸಂದೇಶದಲ್ಲಿ ರೋಗಿಯ ಹೆಸರಿಗೆ ಒಂದು ಜಾಗ ಇದೆ. ಮೊದಲು ಸರ್‌ನೇಮ್, ಆಮೇಲೆ ಇಟ್ಟ ಹೆಸರು. ನಮ್ಮೂರಲ್ಲಿ ಒಬ್ಬರಿಗೆ ಇನಿಷಿಯಲ್ ಮುಂದೆ, ಇನ್ನೊಬ್ಬರಿಗೆ ಹಿಂದೆ. ಇನಿಷಿಯಲ್ ಕೆಲವರಿಗೆ ಅಪ್ಪನ ಹೆಸರು, ಕೆಲವರಿಗೆ ಊರು, ಕೆಲವರಿಗೆ ಮನೆಯ ಹೆಸರು. ಡಿಸೋಜ ಎಂಬುದನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಕೌಂಟರ್‌ನವರು ಅಪಾಸ್ಟ್ರಫಿ ಹಾಕುತ್ತಾರೆ, ಎಕೋ ಟೆಕ್ನಿಷಿಯನ್ ಸ್ಪೇಸ್ ಬಿಡುತ್ತಾರೆ, ಲ್ಯಾಬಿನವರು ಎರಡೂ ಬೇಡ ಎಂದು ಸೇರಿಸಿಯೇ ಬರೆಯುತ್ತಾರೆ. ಕಂಪ್ಯೂಟರಿಗೆ ಇವರು ಮೂರು ಜನ. ಅದಕ್ಕೇ ಹೆಸರನ್ನು ನಂಬಬಾರದು, ಆಸ್ಪತ್ರೆಯ ನಂಬರನ್ನೇ ನಂಬಬೇಕು. ಆ ನಂಬರನ್ನೂ ಎಕೋ ಮಷಿನ್ ಮುಂದೆ ಕೂತು ಯಾರೂ ಟೈಪ್ ಮಾಡಬಾರದು. ಡೈಕಾಮ್‌ನಲ್ಲಿ ವರ್ಕ್‌ಲಿಸ್ಟ್ ಅಂತ ಒಂದು ವ್ಯವಸ್ಥೆ ಇದೆ. ಡಾಕ್ಟರು ಬರೆದ ಆರ್ಡರ್ ಮಷಿನ್‌ನ ಪರದೆಯ ಮೇಲೆ ತಾನಾಗಿ ಬಂದು ಕೂರುತ್ತದೆ, ಟೆಕ್ನಿಷಿಯನ್ ಆರಿಸಿಕೊಂಡರೆ ಆಯಿತು. ನನ್ನನ್ನು ಕೇಳಿದರೆ, ಬೇರೆಲ್ಲ ಬಿಟ್ಟು ಮೊದಲು ಮಾಡಬೇಕಾದ ಕೆಲಸ ಇದೇ.

"ಆಭಾ ನಂಬರ್ ಇದೆಯಲ್ಲಾ?" ಎನ್ನುತ್ತಾರೆ. ಇದೆ, ಕೇಂದ್ರ ಸರ್ಕಾರದ ಆರೋಗ್ಯ ಖಾತೆಯ ನಂಬರ್, 14 ಅಂಕೆಯದ್ದು. ಬೇರೆ ಬೇರೆ ಆಸ್ಪತ್ರೆಗಳ ದಾಖಲೆಗಳನ್ನು ರೋಗಿಯ ಒಪ್ಪಿಗೆ ಪಡೆದು ಜೋಡಿಸುವುದಕ್ಕೆ ಅದು ಒಳ್ಳೆಯದೇ. ಆದರೆ ಎಕೋ ರೂಮಿನಲ್ಲಿ ತಪ್ಪು ಹೆಸರು ಆರಿಸಿದ್ದನ್ನು ಆಭಾ ಬಂದು ಸರಿಮಾಡುವುದಿಲ್ಲ.

ಈಗ ಎರಡನೆಯದು, ಸಂಖ್ಯೆ ಏನನ್ನು ಹೇಳುತ್ತಿದೆ ಎಂಬುದು. ಇದರಲ್ಲೇ ತಲೆನೋವು ಜಾಸ್ತಿ.

ಎಕೋದಲ್ಲಿ ಎಲ್ಲರೂ ಮೊದಲು ನೋಡುವ ಸಂಖ್ಯೆ ಇಎಫ್. ಎಡ ಹೃತ್ಕುಕ್ಷಿ ಒಂದು ಬಡಿತಕ್ಕೆ ತನ್ನಲ್ಲಿರುವ ರಕ್ತದಲ್ಲಿ ಶೇಕಡಾ ಎಷ್ಟನ್ನು ಹೊರಗೆ ತಳ್ಳುತ್ತದೆ ಎಂಬ ಲೆಕ್ಕ. ಇದನ್ನು ಟೈಕ್‌ಹೋಲ್ಜ್ ವಿಧಾನದಲ್ಲಿ ತೆಗೆಯಬಹುದು, ಸಿಂಪ್ಸನ್ ವಿಧಾನದಲ್ಲೂ ತೆಗೆಯಬಹುದು. ಮೊದಲನೆಯದು ಒಂದೇ ಕಡೆಯ ಅಗಲ ಅಳೆದು ಉಳಿದದ್ದನ್ನು ಅಂದಾಜು ಮಾಡುತ್ತದೆ. ಎರಡನೆಯದು ಎರಡು ಕೋನದಿಂದ ಹೃದಯದ ಅಂಚನ್ನು ಗೀಚಿ ಲೆಕ್ಕ ಹಾಕುತ್ತದೆ. ಅನುಭವಿ ಕಾರ್ಡಿಯಾಲಜಿಸ್ಟ್ ಪರದೆ ನೋಡಿಯೇ "ಐವತ್ತೈದು" ಎನ್ನುವುದೂ ಉಂಟು. ಒಂದೇ ಹೃದಯ, ಒಂದೇ ದಿನ, ಮೂರು ಸಂಖ್ಯೆ. ಇಎಂಆರ್‌ನಲ್ಲಿ ಇಎಫ್‌ಗೆ ಇರುವುದು ಒಂದೇ ಡಬ್ಬಿ. ಯಾವುದನ್ನು ಹಾಕೋಣ?

ಸುಮ್ನೆ ಯಾವುದೋ ಒಂದು ಹಾಕಿದರೆ ಏನಾಗುತ್ತದೆ ಎಂದು ಹೇಳುತ್ತೇನೆ. ಸ್ತನ ಕ್ಯಾನ್ಸರಿಗೆ ಕೊಡುವ ಟ್ರಾಸ್ಟುಜುಮಾಬ್‌ನಂಥ ಔಷಧಿಗಳು ಹೃದಯವನ್ನು ದುರ್ಬಲ ಮಾಡಬಹುದು. ಅದಕ್ಕೇ ಚಿಕಿತ್ಸೆಯ ನಡುನಡುವೆ ಎಕೋ ಮಾಡಿಸುತ್ತಾರೆ. ಇಎಫ್ ಹತ್ತು ಅಂಕ ಇಳಿದು ಐವತ್ತರ ಕೆಳಗೆ ಬಂದರೆ ಔಷಧಿ ನಿಲ್ಲಿಸುವ ಮಾತು ಬರುತ್ತದೆ. ಕುಂದಾಪುರದಿಂದ ಬಂದ ಹೆಂಗಸಿನ ಗ್ರಾಫ್‌ನಲ್ಲಿ ಕಳೆದ ಸಲದ್ದು ಟೈಕ್‌ಹೋಲ್ಜ್, ಈ ಸಲದ್ದು ಸಿಂಪ್ಸನ್ ಕೂತರೆ? ಹೃದಯ ಇಳಿದಿಲ್ಲ, ಗೆರೆ ಮಾತ್ರ ಇಳಿದಿದೆ. ಲೊಯಿಂಕ್ ಎಂಬ ವೈದ್ಯಕೀಯ ಅಳತೆಗಳ ಕೋಡ್ ಪಟ್ಟಿಯಲ್ಲಿ ಅಳತೆಯ ವಿಧಾನಕ್ಕೆ ತಕ್ಕಂತೆ ಬೇರೆ ಬೇರೆ ಕೋಡ್ ಇವೆ. ಆದರೆ ಯಾವುದನ್ನು ಗ್ರಾಫ್‌ಗೆ ಹಾಕಬೇಕು ಎಂದು ಕಾರ್ಡಿಯಾಲಜಿಸ್ಟ್, ಆಂಕಾಲಜಿಸ್ಟ್ ಇಬ್ಬರೂ ಕೂತು ಒಪ್ಪಬೇಕು. ಅವರಿಬ್ಬರಿಗೂ ಒಪಿಡಿ ಇಲ್ಲದ ಒಂದು ಮಧ್ಯಾಹ್ನ ಹುಡುಕುವುದು ಇದೆಯಲ್ಲ, ಅದು ಯಾವ ಪ್ರೋಗ್ರಾಮಿಂಗ್‌ಗಿಂತಲೂ ಕಷ್ಟ!

ಇಷ್ಟೆಲ್ಲ ಗಲಾಟೆ ಬೇಡ ಎಂದು ಹಲವರು ಪಿಡಿಎಫ್ ಹಾದಿ ಹಿಡಿಯುತ್ತಾರೆ. ರಿಪೋರ್ಟ್ ಇಎಂಆರ್‌ನಲ್ಲಿ ಕಾಣುತ್ತದೆ, ವೆಂಡರ್ "ಇಂಟಿಗ್ರೇಷನ್ ಆಯ್ತು ಸರ್" ಎಂದು ಬಿಲ್ ಕೊಡುತ್ತಾರೆ. ಓದುವುದಕ್ಕೆ ಸಾಕು, ಗ್ರಾಫ್‌ಗೆ ಬಾರದು. ಆಭಾ ವ್ಯವಸ್ಥೆ ಬಳಸುವ ಫೈರ್ ಎಂಬ ಹೊಸ ಮಾನದಂಡದ ಒಳಗೂ ಪಿಡಿಎಫ್ ಇಟ್ಟು ಕಳುಹಿಸಬಹುದು, ನಿಯಮದ ಪ್ರಕಾರ ತಪ್ಪೇನಿಲ್ಲ. ಚಿಕ್ಕ ಆಸ್ಪತ್ರೆಗೆ ಶುರುವಿಗೆ ಅದೂ ಪರವಾಗಿಲ್ಲ ಎನ್ನುವವನೇ ನಾನು, ರೋಗಿ ಸರಿಯಾಗಿ ಹೊಂದಿಕೆಯಾದರೆ.

ಕೊನೆಗೆ, ಖರೀದಿಗೆ ಕೂತಿರುವ ಆಸ್ಪತ್ರೆಯವರಿಗೆ ಒಂದು ಮಾತು. ಎಚ್‌ಎಲ್7ನಲ್ಲಿ ಪ್ರತಿ ಫಲಿತಾಂಶದ ಜೊತೆ ಒಂದು ಅಕ್ಷರ ಬರುತ್ತದೆ: ತಾತ್ಕಾಲಿಕಕ್ಕೆ ಪಿ, ಅಂತಿಮಕ್ಕೆ ಎಫ್, ತಿದ್ದಿದ್ದಕ್ಕೆ ಸಿ. ಡೆಮೋದಲ್ಲಿ ಎಲ್ಲರೂ ಎಫ್ ತೋರಿಸುತ್ತಾರೆ. ನೀವು ಸಿ ಕೇಳಿ. ಬೆಳಿಗ್ಗೆ ಹೋದ ರಿಪೋರ್ಟನ್ನು ಮಧ್ಯಾಹ್ನ ತಿದ್ದಿ ಕಳುಹಿಸಲಿ. ಹಳೆಯದು ಅಳಿಯದೆ ಉಳಿಯಿತೇ, ಹೊಸದು ಮೇಲೆ ಬಂತೇ, ಬೆಳಿಗ್ಗೆ ಓದಿದ ಡಾಕ್ಟರಿಗೆ ಬದಲಾಗಿದೆ ಎಂದು ಗೊತ್ತಾಯಿತೇ ನೋಡಿ. ಅದಾದ ಮೇಲೆ ರೇಟು ಮಾತಾಡಿ.