ಅಜ್ಜನ ಅಜ್ಜನನ್ನು ಎಲ್ಲಿ ಹುಡುಕುವುದು?

ಅಮೆರಿಕದಲ್ಲಿರುವ ಚಿಕ್ಕಪ್ಪನ ಮಗಳು ಫೋನ್ ಮಾಡಿದ್ದಳು. "ಅಣ್ಣಾ, ನಮ್ಮ ಶಿರಸಿ ಮನೆಯ 1931ರ ಜನಗಣತಿ ಹಾಳೆ ಎಲ್ಲಿ ಸಿಗ್ತದೆ?" ಸಿಗುವುದಿಲ್ಲ ತಂಗಿ! ಅಲ್ಲಿ 72 ವರ್ಷ ಆದಮೇಲೆ ಹಾಳೆಗಳನ್ನು ಎಲ್ಲರಿಗೂ ತೆರೆದಿಡುತ್ತಾರೆ, 1950ರದ್ದು 2022ರಲ್ಲಿ ಬಂತು, ಮನೆಯಲ್ಲಿ ಯಾರಿದ್ದರು, ವಯಸ್ಸೆಷ್ಟು, ಏನು ಕೆಲಸ, ಎಲ್ಲ ನೋಡಬಹುದು. ನಮ್ಮಲ್ಲಿ 1948ರ ಜನಗಣತಿ ಕಾಯ್ದೆ ಪ್ರಕಾರ ಮನೆಮನೆಯ ವಿವರ ಗುಟ್ಟು. ನಮಗೆ ಸಿಗುವುದು ಊರಿನ ಒಟ್ಟು ಲೆಕ್ಕ ಮಾತ್ರ. ಅದೇ ಸರಿ ಅಂತ ನನಗನ್ನಿಸುತ್ತದೆ, ಆದರೂ ಸ್ವಲ್ಪ ಹೊಟ್ಟೆಕಿಚ್ಚು ಇದೆ.

ಅವಳಿಗೆ ಹೇಳಿದ್ದು, ತಹಶೀಲ್ದಾರ್ ಕಚೇರಿಯ ಹಳೇ ಕೈಬರಹದ ಪಹಣಿ ತೆಗೆಸು ಅಂತ. ತೋಟದ ಯಜಮಾನ ತೀರಿಹೋದಾಗ ಖಾತೆ ಬದಲಾಗುತ್ತದಲ್ಲ, ಅಲ್ಲಿ ವಾರಸುದಾರರ ಹೆಸರು ಬರುತ್ತದೆ, ಅದನ್ನೇ ಹಿಡಿದು ಒಂದೊಂದೇ ತಲೆಮಾರು ಹಿಂದೆ ಹೋಗಬಹುದು. ಶಾಲೆಯ ದಾಖಲಾತಿ ಪುಸ್ತಕವೂ ಆದೀತು, ಆದರೆ ಹುಟ್ಟಿದ ದಿನ ಜೂನ್ 1 ಅಂತಿದ್ದರೆ ನಂಬಬೇಡಿ, ಮಾಸ್ತರರು ಸುಮ್ನೆ ಬರೆದಿರುತ್ತಾರೆ. ಇನ್ನೂ ಹಿಂದೆ ಹೋಗುವುದು ಕಷ್ಟ. ನಮ್ಮ ಜಿಲ್ಲೆ 1862ರವರೆಗೆ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಆಮೇಲೆ ಬಾಂಬೆಗೆ ಹೋಯಿತು, ಹಾಗಾಗಿ ಕಾಗದಗಳ ಜಾಡು ಚೆನ್ನೈ, ಮುಂಬೈ ಅಂತ ಓಡುತ್ತದೆ.

ಬೇಜಾರಿನ ಸಂಗತಿ ಅಂದರೆ ಈ ಹಳೇ ಖಾತೆಗಳಲ್ಲಿ ಹೆಣ್ಣುಮಕ್ಕಳ ಹೆಸರು ಸಿಗುವುದೇ ಅಪರೂಪ. ಮುತ್ತಜ್ಜಿಯ ತವರು ಯಾವ ಊರು, ಮದುವೆಗೆ ಮೊದಲು ಏನಂತ ಕರೆಯುತ್ತಿದ್ದರು, ಇದೆಲ್ಲ ಕುಮಟೆಯಲ್ಲಿರುವ ದೊಡ್ಡತ್ತೆಗೆ ಬಾಯಿಪಾಠ. ಈ ಭಾನುವಾರ ಹೋಗಿ ರೆಕಾರ್ಡ್ ಮಾಡಿಕೊಳ್ಳುತ್ತೇನೆ.